ಮಲಗಿಸಿ ಕೆಲಸ ಕಲಿಸಿದವರು

ಆಗ ನನಗೆ ನಲವತ್ನಾಲ್ಕು ವರ್ಷ. ಇಪ್ಪತ್ನಾಲ್ಕು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ, ಹತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದ ಮೇಲೆ, ನನಗೆ ಆ ಕೆಲಸ ಬರುವುದಿಲ್ಲ ಎಂದು ಒಬ್ಬರಿಂದ ನನಗೆ ತಿಳಿಯಿತು. ಅವರು ಬಾಯಿಬಿಟ್ಟು ಹೇಳಿದ್ದರೆ ಜಗಳ ಮಾಡಿ ಮರೆತುಬಿಡುತ್ತಿದ್ದೆ. ಹೇಳಲಿಲ್ಲ, ತಿಳಿಯುವಂತೆ ಮಾಡಿದರು. ಅದಕ್ಕೇ ಇವತ್ತಿಗೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಅವರು ಹೋದ ತಿಂಗಳು ಯಲ್ಲಾಪುರದಲ್ಲಿ ತೀರಿಕೊಂಡರು. ನನ್ನ ಜೊತೆ ಆಯಾ ಆಗಿದ್ದ ಗಂಗೆ ಫೋನ್ ಮಾಡಿ ಹೇಳಿದಳು. ಅಷ್ಟೊತ್ತಿಗೆ ಮಣ್ಣು ಮುಗಿದಿತ್ತು. ನನಗೆ ಅಳು ಬರಲಿಲ್ಲ, ಸುಳ್ಳು ಯಾಕೆ ಬರೆಯಲಿ. ಅವರಿಗೂ ಅಳುವವರನ್ನು ಕಂಡರೆ ಆಗುತ್ತಿರಲಿಲ್ಲ. "ಅಳೂದಾದ್ರ ಹೊರಗ ಹೋಗಿ ಅತ್ತು ಬರ್ರಿ. ಮಲಗಿದೋರಿಗೆ ತಮ್ಮದೇ ಸಾಕಷ್ಟು ಇರ್ತದ" ಎಂದು ಪೇಶಂಟಿನ ಕಡೆಯವರನ್ನು ವಾರ್ಡಿನಿಂದ ಹೊರಗೆ ಕಳಿಸುತ್ತಿದ್ದರು.

ಅದು ಶಿರಸಿಯ ಒಂದು ಖಾಸಗಿ ಆಸ್ಪತ್ರೆ. ಈಗ ಆಸ್ಪತ್ರೆ ಇಲ್ಲ, ಆ ಕಟ್ಟಡದಲ್ಲಿ ಬಟ್ಟೆ ಅಂಗಡಿ ಇದೆ. ಅಲ್ಲಿಗೆ ಅವರು ನರ್ಸುಗಳ ಮೇಲಿನವರಾಗಿ ಬಂದರು. ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ಆಳು ದೊಡ್ಡದಲ್ಲ, ನನ್ನ ಭುಜಕ್ಕೆ ಬರುತ್ತಿದ್ದರು. ಯಲ್ಲಾಪುರದ ಮುಸಲ್ಮಾನರ ಮನೆಯವರು. ಅಪ್ಪ ಲಾರಿ ಡ್ರೈವರು, ಅಣ್ಣಂದಿರೂ ಲಾರಿಯವರೇ. ಕೈಗೆ ಗಂಡಸರ ವಾಚು ಕಟ್ಟುತ್ತಿದ್ದರು, ಅದರ ಮುಖ ಒಳಗೈ ಕಡೆಗೆ. ನಾಡಿ ಹಿಡಿದಾಗ ಪೇಶಂಟಿನ ಕೈಯೂ ವಾಚೂ ಒಟ್ಟಿಗೆ ಕಾಣಬೇಕಂತೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಗಂಗೆಯೊಬ್ಬಳು ಕೇಳಿಯೇಬಿಟ್ಟಳು.

"ಹನ್ನೆರಡು ಮಂಚ ಅವ ನನಗ" ಎಂದರು. "ಇನ್ನೊಂದು ಎಲ್ಲಿ ಹಾಕ್ಲಿ ಹೇಳ್ರಿ."

ಆಯಾಗಳಿಗೆ ರೀ ಹಚ್ಚಿ ಮಾತಾಡಿದವರನ್ನು ನಾನು ಕಂಡದ್ದು ಅದೇ ಮೊದಲು. ಡಾಕ್ಟರರಿಗೆ ನಾವು "ಏ" ಆಗಿದ್ದೆವು, ನರ್ಸುಗಳಿಗೆ "ಏನೇ" ಆಗಿದ್ದೆವು. ಇವರು "ಅಕ್ಕ, ಬರ್ರಿ" ಎಂದರೆ ನಮಗೆ ಅದು ಮರ್ಯಾದೆಯಾಗಿ ಕೇಳಲಿಲ್ಲ, ಚೇಷ್ಟೆಯಾಗಿ ಕೇಳಿತು. ಅವರ ಬೆನ್ನ ಹಿಂದೆ ಹಾಗೇ ಅಂದು ನಗುತ್ತಿದ್ದೆವು. ನಕ್ಕವರಲ್ಲಿ ನನ್ನದೇ ದನಿ ದೊಡ್ಡದು.

ಬಂದ ಮೊದಲ ತಿಂಗಳು ಅವರು ಯಾರಿಗೂ ಏನೂ ಹೇಳಲಿಲ್ಲ. ಔಷಧದ ಕಪಾಟಿಗೆ ಒರಗಿ, ಕೈ ಹಿಂದೆ ಕಟ್ಟಿಕೊಂಡು, ನಾವು ಕೆಲಸ ಮಾಡುವುದನ್ನು ನೋಡುತ್ತಿದ್ದರು. ಮುಖ ನೋಡುವುದಲ್ಲ, ಕೈ ನೋಡುವುದು.

"ಎಂತ ಮಾರಾಯ್ತಿ, ನಮ್ಮನ್ನ ನೋಡೂಕೇ ಸಂಬಳವಾ ಇವ್ರಿಗೆ?" ಎಂದಳು ಗಂಗೆ.

"ನೋಡ್ಲಿ ಬಿಡು. ನೋಡಿ ಕಲ್ತ್ಕಳ್ಳಲಿ" ಎಂದೆ ನಾನು.

ಹಾಗೆ ಅಂದವಳು ನಾನೇ. ಬೇರೆ ಯಾರೋ ಅಂದದ್ದಲ್ಲ.

ತಿಂಗಳು ಮುಗಿದ ಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಬಟ್ಟೆ ಇಡುವ ಖೋಲಿಗೆ ಕರೆದರು. ಎಲ್ಲರಿಗೂ ಕೇಳಿದ್ದು ಒಂದೇ. "ನಿಮಗ ಏನು ಬರೂದಿಲ್ಲ?" ಏನು ಬರುತ್ತದೆ ಎಂದು ಕೇಳಲಿಲ್ಲ. ಕೆಲಸಕ್ಕೆ ಸೇರುವಾಗ ಎಲ್ಲ ಬರುತ್ತದೆ ಎಂದು ಹೇಳಿಯೇ ನಾವು ಸೇರಿದವರು. ಬರುವುದಿಲ್ಲ ಎಂದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ ಎಂಬ ಹೆದರಿಕೆ ಎಲ್ಲರಿಗೂ. ಆದರೂ ಕೆಲವರು ಹೇಳಿದರು. ಒಬ್ಬಳಿಗೆ ರಕ್ತ ಕಂಡರೆ ಕಣ್ಣು ಕತ್ತಲೆ ಬರುತ್ತಿತ್ತು. ಎಷ್ಟೋ ವರ್ಷ ಅದನ್ನು ಮುಚ್ಚಿಟ್ಟುಕೊಂಡು ಹಲ್ಲು ಕಚ್ಚಿ ಕೆಲಸ ಮಾಡುತ್ತಿದ್ದಳು. ಅವಳನ್ನು ಅಡಿಗೆಮನೆಗೆ ಹಾಕಿದರು, ಗಂಜಿ ಯಾರು ಕುಡಿದರು, ಯಾರು ಹಾಗೇ ಬಿಟ್ಟರು ಎಂದು ಬಂದು ಹೇಳುವುದು ಅವಳ ಕೆಲಸ. ಗುಡಿಸುವವಳೊಬ್ಬಳ ಗಂಟಲು ಎಷ್ಟು ದೊಡ್ಡದೆಂದರೆ ಅವಳು ಪಿಸುಗುಟ್ಟಿದರೂ ಪೇಶಂಟುಗಳಿಗೆ ಎಚ್ಚರವಾಗುತ್ತಿತ್ತು. ನಾವೆಲ್ಲ ಅವಳಿಗೆ ಬೈಯುತ್ತಿದ್ದೆವು. ದೊಡ್ಡ ಸಿಸ್ಟರ್ ಅವಳನ್ನು ಬಾಗಿಲಲ್ಲಿ ನಿಲ್ಲಿಸಿದರು. ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬ ನೆಂಟನೂ ಒಳಗೆ ಬರಲಿಲ್ಲ.

ನನ್ನ ಸರದಿ ಬಂದಾಗ ನಾನು ಹೇಳಿದೆ, "ನಂಗೆ ಬರದೇ ಇದ್ದಿದ್ದು ಎಂತದೂ ಇಲ್ಲ."

ಅವರು ತಲೆಯಾಡಿಸಿದರು. "ಚಾ ಕುಡೀರಿ" ಎಂದರು. ಅಷ್ಟೇ.

ಅವರಿಗೂ ತಪ್ಪಾಗುತ್ತಿತ್ತು. ಚಂದಗುಳಿ ಕಡೆಯ ಒಬ್ಬಳು ಆಯಾ ಪಾಳಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಅವಳಿಗೆ ಈ ಕೆಲಸದ ಮೇಲೆ ಮನಸ್ಸಿಲ್ಲ ಎಂದು ದೊಡ್ಡ ಸಿಸ್ಟರ್ ಬಿಡಿಸಿ ಕಳಿಸಿದರು. ಆಮೇಲೆ ಗೊತ್ತಾಯಿತು, ಅವಳಿಗೆ ಮೈಯಲ್ಲಿ ರಕ್ತವೇ ಇರಲಿಲ್ಲ. ರಜೆಯ ದಿನ ತಾವೇ ಬಸ್ಸು ಹತ್ತಿ ಅವಳ ಮನೆಗೆ ಹೋಗಿ ವಾಪಸ್ ಕರೆದರು. ಅವಳು ಬರಲಿಲ್ಲ. ಮಾರನೆ ದಿನ ಪಾಳಿ ಬದಲಾಗುವ ಹೊತ್ತಿಗೆ ನಮ್ಮೆಲ್ಲರ ಎದುರು ನಿಂತು, "ನಾನು ನೋಡಿದ್ದು ತಪ್ಪಾತು. ಆ ಹೆಣ್ಮಗಳಿಗೆ ಅನ್ಯಾಯ ಮಾಡಿದೆ" ಎಂದರು. ಮೇಲಿನವರು ಕೆಳಗಿನವರ ಎದುರು ಹಾಗೆ ಹೇಳುವುದು ನಮಗೆ ಗೊತ್ತಿರಲಿಲ್ಲ. ನಾವು ನೆಲ ನೋಡಿದೆವು.

ಇನ್ನು ನನ್ನ ಕೆಲಸದ ವಿಷಯ ಹೇಳಬೇಕು. ನಾನು ಬಹಳ ಚುರುಕು. ಹನ್ನೆರಡು ಮಂಚದ ಹಾಸಿಗೆ, ಮೈ ಒರೆಸುವುದು, ಬೆಡ್‌ಪ್ಯಾನು, ಎಲ್ಲ ಡಾಕ್ಟರು ರೌಂಡಿಗೆ ಬರುವುದರೊಳಗೆ ಮುಗಿದಿರುತ್ತಿತ್ತು. ಚಾದರ ಒಂದು ಸುಕ್ಕಿಲ್ಲದೆ ಎಳೆದಿರುತ್ತಿದ್ದೆ. ಡಾಕ್ಟರು ಬಂದು "ಇವಳು ಮಾಡಿದ್ದಾ? ಹಾಂ" ಎನ್ನುತ್ತಿದ್ದರು. ಹೊಸ ಆಯಾಗಳನ್ನು ನನ್ನ ಕೈಗೆ ಕೊಡುತ್ತಿದ್ದರು. ಗಂಗೆಗೆ ಕಲಿಸಿದ್ದು ನಾನೇ. ರಟ್ಟೆ ಹಿಡಿ, ಎಳಿ, ಅತ್ತ ಹೊರಳಿಸು, ಚಾದರ ತಳ್ಳು, ಇತ್ತ ಹೊರಳಿಸು, ಮುಂದಿನ ಮಂಚ. "ಪೇಶಂಟಿನ ಮುಖ ನೋಡ್ಬೇಡ. ನೋಡಿದ್ರೆ ಹೊತ್ತು ಹೋಗ್ತದೆ" ಎಂದೂ ಕಲಿಸಿದ್ದೆ.

ಹುಲೇಕಲ್ಲಿನ ಸುಮಾ ಎಂಬವಳು ಒಂದು ವರ್ಷದಿಂದ ಇದ್ದಳು. ಸಣ್ಣ ಪ್ರಾಯ, ಬಹಳ ನಿಧಾನ. ಒಂದು ಮಂಚದ ಹತ್ತಿರ ನಿಂತರೆ ಅಲ್ಲೇ. ಪೇಶಂಟಿನ ಮನೆಯಲ್ಲಿ ಎಷ್ಟು ಜನ, ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಎಲ್ಲ ಮಾತಾಡುತ್ತ ಮೈ ಒರೆಸುತ್ತಿದ್ದಳು. ಅವಳ ಪಾಲಿನ ಮಂಚ ಯಾವಾಗಲೂ ಉಳಿಯುತ್ತಿತ್ತು, ನಾನು ಮಾಡಿ ಮುಗಿಸುತ್ತಿದ್ದೆ.

"ನಿಂದು ಒಂದು ಮಂಚ ಆಗೂದ್ರೊಳಗೆ ಹುಲೇಕಲ್ ಬಸ್ಸು ಎರಡು ಸಲ ಹೋಗಿ ಬರ್ತದೆ ಕಣೇ" ಎನ್ನುತ್ತಿದ್ದೆ.

"ಬಸ್ಸಿಗೆ ಡ್ರೈವರು ಇದ್ದಾರೆ ಅಕ್ಕಾ. ನಾನು ನಡ್ಕಂಡು ಬರೂ ಜನ" ಎಂದು ನಗುತ್ತಿದ್ದಳು. ಅವಳು ಸಿಟ್ಟು ಮಾಡಿಕೊಳ್ಳದೇ ಇದ್ದುದಕ್ಕೆ ನನಗೆ ಇನ್ನೂ ಸಿಟ್ಟು.

ಆ ವರ್ಷ ಆಸ್ಪತ್ರೆಯವರು ಮಹಡಿಯ ಮೇಲೆ ಹೊಸ ವಾರ್ಡು ಮಾಡಿದರು. ಲಕ್ವ ಹೊಡೆದವರು, ಸೊಂಟ ಮುರಿದವರು, ಎದ್ದು ಕೂರಲಾಗದವರಿಗೆ. ಅಲ್ಲಿಗೆ ಒಬ್ಬಳು ಹಿರಿಯ ಆಯಾ ಬೇಕಿತ್ತು. ಕೆಲಸ ಖಾಯಂ, ಬರೀ ಹಗಲು ಪಾಳಿ. ನನಗೆ ಬೇಕಾಗಿದ್ದು ಹಗಲು ಪಾಳಿ. ನನ್ನ ಗಂಡ ತೀರಿಹೋಗಿ ವರ್ಷಗಳಾಗಿತ್ತು. ಮಗಳು ಸಿದ್ದಾಪುರ ತಾಲೂಕಿನ ಮನ್ಮನೆಯಲ್ಲಿ ನನ್ನ ತಾಯಿಯ ಹತ್ತಿರ ಬೆಳೆಯುತ್ತಿದ್ದಳು. ನಾನು ಶಿರಸಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ವಾರ ಬಿಟ್ಟು ವಾರ ರಾತ್ರಿ ಪಾಳಿ, ಹನ್ನೆರಡು ವರ್ಷದ ಹುಡುಗಿಯನ್ನು ರಾತ್ರಿಯೆಲ್ಲ ಖೋಲಿಯಲ್ಲಿ ಒಬ್ಬಳನ್ನೇ ಬಿಡುವುದು ಹೇಗೆ. ತಾಯಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ನಾನು ಮನ್ಮನೆಗೆ ಹೋದಾಗೆಲ್ಲ ಮಗಳು ಬಸ್ಸಿನವರೆಗೆ ಬಂದು ಒಂದೇ ಮಾತು ಕೇಳುತ್ತಿದ್ದಳು, "ಯಾವಾಗ ಕರ್ಕಂಡು ಹೋಗ್ತಿ?" ಆ ಸಲ ನಾನು, "ಶಾಲೆ ಶುರುವಾಗೂದ್ರೊಳಗೆ" ಎಂದು ಹೇಳಿ ಬಂದಿದ್ದೆ. ಆ ಕೆಲಸ ನನಗಲ್ಲದೆ ಇನ್ಯಾರಿಗೆ ಎಂದುಕೊಂಡು ಹೇಳಿದ್ದು.

ಒಂದು ದಿನ ಬೆಳಿಗ್ಗೆ ಪಾಳಿ ಬದಲಾಗುವಾಗ ದೊಡ್ಡ ಸಿಸ್ಟರ್ ಎಲ್ಲರ ಎದುರು ಹೇಳಿದರು, "ಮ್ಯಾಲಿನ ವಾರ್ಡಿಗೆ ಸುಮಾ ಹಿರಿಯ ಆಯಾ."

ನನಗೆ ತಡೆಯಲಾಗಲಿಲ್ಲ. "ಯಾಕೆ? ಅವ್ಳಿಗೆ ಒಂದು ಚಾದರ ನೆಟ್ಟಗೆ ಹಾಸೂಕೆ ಬರೂದಿಲ್ಲ. ಅವಳ ಮಂಚ ನಾನು ಮಾಡ್ತೆ ದಿನಾ. ನನಗೆ ಯಾಕಿಲ್ಲ ಹೇಳಿ."

ಸುಮಾ ಸೆರಗಿನ ತುದಿ ಹಿಡಿದುಕೊಂಡು ನಿಂತಳು. ನರ್ಸುಗಳೆಲ್ಲ ತಿರುಗಿ ನೋಡಿದರು. ದೊಡ್ಡ ಸಿಸ್ಟರಿಗೆ ಸಿಟ್ಟು ಬರಲಿಲ್ಲ. "ನಿಮಗ ಹೇಳಿದ್ರ ಗೊತ್ತಾಗೂದಿಲ್ಲ ಅಕ್ಕ. ಮಧ್ಯಾಹ್ನ ಮ್ಯಾಲೆ ಬರ್ರಿ. ಆಯಾಗಳು ಎಲ್ಲಾರೂ ಬರ್ರಿ" ಎಂದರು.

ಹೊಸ ವಾರ್ಡಿನಲ್ಲಿ ಇನ್ನೂ ಪೇಶಂಟು ಇರಲಿಲ್ಲ. ಬಣ್ಣದ ವಾಸನೆ ಹೋಗಿರಲಿಲ್ಲ. ಒಂದು ಮಂಚ ತೋರಿಸಿ, "ಅಕ್ಕ, ಮಲಗ್ರಿ" ಎಂದರು ನನಗೆ.

"ನಾನ್ಯಾಕೆ?"

"ಇವತ್ತು ನೀವು ಪೇಶಂಟು. ನಿಮಗ ಲಕ್ವ ಹೊಡದದ. ಎಡಗೈ ಎಡಗಾಲು ಇಲ್ಲ, ಮಾತೂ ಇಲ್ಲ."

"ಅಕ್ಕನ ಬಾಯಿ ಮುಚ್ಚೂಕೆ ಲಕ್ವನೇ ಬರ್ಬೇಕಾಯ್ತು ನೋಡಿ" ಎಂದಳು ಗಂಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಮಲಗಿದೆ. ದೊಡ್ಡ ಸಿಸ್ಟರ್ ಅಗಲದ ಪಟ್ಟಿ ತಂದು ನನ್ನ ಎಡಗೈಯನ್ನು ಮೈಗೆ ಸೇರಿಸಿ ಸುತ್ತಿದರು, ಎಡಗಾಲಿಗೆ ಮರಳಿನ ಚೀಲ ಕಟ್ಟಿದರು. ಆಮೇಲೆ ಗಂಗೆಗೆ ಹೇಳಿದರು, "ನಿಮಗ ಅಕ್ಕ ಹ್ಯಾಂಗ ಕಲಿಸ್ಯಾರೋ ಹಾಂಗೇ ಮಾಡ್ರಿ. ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ. ಬೆಡ್‌ಪ್ಯಾನ್ ಕೊಡ್ರಿ, ಚಾದರ ಬದಲಿ ಮಾಡ್ರಿ."

ಗಂಗೆ ಒಳ್ಳೆಯ ಶಿಷ್ಯೆ. ನಾನು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬಿಡಲಿಲ್ಲ.

ಮಲಗಿದವಳಿಗೆ ಕಾಣುವುದು ಫ್ಯಾನು ಒಂದೇ. ಬರುವವಳು ಯಾವ ಕಡೆಯಿಂದ ಬರುತ್ತಾಳೆ ಎಂಬುದು ಕಾಣುವುದಿಲ್ಲ. ಗಂಗೆಯ ಕೈ ರಟ್ಟೆಗೆ ಬಿತ್ತು, ಅದೇ ಕ್ಷಣಕ್ಕೆ ಎಳೆತ. ನನ್ನ ಮೈ ಹೊರಳಿತು, ತಲೆ ಹಿಂದೆಯೇ ಉಳಿಯಿತು. ಮಂಚದ ಅಂಚು ಮೂಗಿನ ಹತ್ತಿರ ಬಂದು, ಕೆಳಗೆ ಬಿದ್ದೆ ಎಂದೇ ತಿಳಿದೆ. ಹಿಡಿದುಕೊಳ್ಳೋಣವೆಂದರೆ ಬಲಗೈ ಮೈಯಡಿಗೆ ಸಿಕ್ಕಿತ್ತು. ಸೀರೆ ಮೊಣಕಾಲು ದಾಟಿ ಮೇಲೆ ಹೋಯಿತು. ಅದನ್ನು ಎಳೆಯಲು ಗಂಗೆಗೆ ಹೊತ್ತಿಲ್ಲ, ಎಳೆಯಲು ನಾನು ಕಲಿಸಿರಲಿಲ್ಲ. ಸುತ್ತ ನಿಂತವರು ನನ್ನ ತೊಡೆ ನೋಡುತ್ತಿದ್ದಾರೆ ಎಂಬುದು ನನಗೆ ಅವರ ಮುಖ ಕಾಣದೆಯೂ ಗೊತ್ತಾಯಿತು. ಆಗ ಆ ತಣ್ಣನೆಯ ಸ್ಟೀಲನ್ನು ಅಡಿಗೆ ತುರುಕಿದಳು.

ಹೆದರಿಕೆಗೋ ತಂಪಿಗೋ, ನನಗೆ ನಿಜವಾಗಿ ಸ್ವಲ್ಪ ಆಗಿಹೋಯಿತು. ಪ್ಯಾನು ಸರಿಯಾಗಿ ಕೂತಿರಲಿಲ್ಲ. ಚಾದರಕ್ಕೆ ಇಳಿಯಿತು.

ಬೇರೆಯವರಿಗೆ ಗೊತ್ತಾಗುವ ಮೊದಲೇ ದೊಡ್ಡ ಸಿಸ್ಟರಿಗೆ ಗೊತ್ತಾಯಿತು. ಕಂಬಳಿ ಎಳೆದು ನನ್ನ ಮೇಲೆ ಹೊದಿಸಿದರು. "ಆತು. ಎಲ್ಲಾರೂ ಕೆಳಗ ಹೋಗಿ ಚಾ ಕುಡೀರಿ" ಎಂದರು. "ಇಷ್ಟೇಯಾ?" ಎಂದಳು ಗಂಗೆ. "ಇಷ್ಟೇ" ಎಂದರು. ಆಯಾಗಳು ಇಳಿದುಹೋಗುವುದು ಕೇಳಿಸಿತು. "ಸುಮಾ, ನೀವು ಇರ್ರಿ" ಎಂದರು.

ಆಟ ಅಲ್ಲಿಗೆ ಮುಗಿದಿತ್ತು. ಪಟ್ಟಿ ಬಿಚ್ಚಿದ್ದರೆ ನಾನೇ ಎದ್ದು ಓಡಿಹೋಗುತ್ತಿದ್ದೆ. ಅವರು ಬಿಚ್ಚಲಿಲ್ಲ. ಇಬ್ಬರೂ ಸೇರಿ ನನ್ನನ್ನು ಶುಚಿ ಮಾಡಿದರು. ಸುಮಾ ನನ್ನ ಕಣ್ಣಿಗೆ ಕಾಣುವ ಕಡೆ ಬಂದು ನಿಂತಳು. "ಅಕ್ಕಾ, ಈಗ ನಿಮ್ಮನ್ನ ನನ್ನ ಕಡೆ ತಿರುಗ್ಸೂದು. ಭುಜ ನಾನು ಹಿಡ್ಕಂಡಿದ್ದೆ, ಬೀಳೂದಿಲ್ಲ" ಎಂದಳು. ಒಂದು ಅಂಗೈ ಬೆನ್ನಿಗೆ, ಒಂದು ಸೊಂಟಕ್ಕೆ ಕೊಟ್ಟು, ಸ್ವಲ್ಪ ತಡೆದು, ಆಮೇಲೆ ತಿರುಗಿಸಿದಳು. ಕಂಬಳಿಯ ಅಡಿಯಲ್ಲೇ ಒರೆಸಿದಳು, ಒಣ ಚಾದರ ಸರಿಸಿದಳು. ಚಾದರದಲ್ಲಿ ಎರಡು ಕಡೆ ಸುಕ್ಕು ಉಳಿಯಿತು. ಅದು ನನ್ನ ಬೆನ್ನಿಗೆ ಗೊತ್ತೇ ಆಗಲಿಲ್ಲ.

ನಾನು ದಿನಾ ಹಂಗಿಸಿದವಳು ನನ್ನ ಉಚ್ಚೆ ಒರೆಸುತ್ತಿದ್ದಾಳೆ. ಆಗ ನನಗೆ ಮಾತಾಡಬಾರದು ಎಂದು ಹೇಳಿದ್ದೇ ಒಳ್ಳೆಯದಾಯಿತು.

ಸುಮಾ ಒದ್ದೆ ಬಟ್ಟೆ ತೆಗೆದುಕೊಂಡು ಹೋದ ಮೇಲೆ ದೊಡ್ಡ ಸಿಸ್ಟರ್ ಪಟ್ಟಿ ಬಿಚ್ಚಿದರು. ನಾನು ಕೂತೆ. ಅವರು ನನ್ನ ಮುಖ ನೋಡದೆ, ಪಟ್ಟಿಯನ್ನು ಸುರುಳಿ ಸುತ್ತುತ್ತ ಮಾತಾಡಿದರು.

"ಸುಮಾನ ಕೈಯಾಗ ಕೆಲಸ ಮುಗಿಯೂದಿಲ್ಲ. ಅದು ನನಗ ಗೊತ್ತದ. ವಾರ್ಡು ತುಂಬಿದ್ರ ಅವರು ಒಬ್ಬರೇ ಆದ್ರ ಮಧ್ಯಾಹ್ನ ಆದ್ರೂ ಅರ್ಧ ಮಂದಿ ಒದ್ದೆಯಾಗೇ ಇರ್ತಾರ. ಅವರ ಜೋಡಿ ಇನ್ನೊಬ್ಬರು ಬೇಕು. ಹಗಲು ಪಾಳಿನೇ. ನೀವು ಬರ್ರಿ."

"ಅವಳ ಕೈಕೆಳಗಾ?"

"ಹೌದ್ರಿ. ಅವರು ಹೇಳಿದಾಂಗ ಕೇಳಬೇಕು. ಎತ್ತೂದು ಹೊರಳಸೂದು ಅವರ ಕಡಿಂದ ಕಲೀಬೇಕು."

"ನನ್ನ ಮಗಳ ಪ್ರಾಯ ಅವಳದು."

"ನಿಮ್ಮ ಮಗಳಿಗಿಂತ ದೊಡ್ಡೋರು ಇದ್ದಾರ" ಎಂದರು. ಪಟ್ಟಿಯ ತುದಿಗೆ ಪಿನ್ನು ಚುಚ್ಚಿದರು. "ಆಗೂದಿಲ್ಲ ಅಂದ್ರ ಕೆಳಗ ನಿಮ್ಮ ಜಾಗ ಹಾಂಗೇ ಅದ. ಬೆಳಿಗ್ಗೆ ಪಾಳಿ, ರಾತ್ರಿ ಪಾಳಿ. ನಾ ಏನೂ ಬಿಡಸೂದಿಲ್ಲ. ನಾಳೆ ನಾಲ್ಕು ಮಂದಿ ಪೇಶಂಟು ಮ್ಯಾಲೆ ಬರ್ತಾರ."

ನನ್ನ ಮಗಳ ವಿಷಯ ಅವರಿಗೆ ಯಾರು ಹೇಳಿದ್ದರೋ. ಹಗಲು ಪಾಳಿ ಎಂಬ ಮಾತನ್ನು ಅವರು ಸುಮ್ಮನೆ ಹೇಳಿದ್ದಲ್ಲ ಎಂದು ಮೆಟ್ಟಿಲು ಇಳಿಯುವಾಗ ಗೊತ್ತಾಯಿತು.

ಸಂಜೆ ಖೋಲಿಗೆ ಹೋಗಿ ಸೀರೆ ಒಗೆದು ಹಾಕಿದೆ. ರಟ್ಟೆ ನೋಯುತ್ತಿತ್ತು, ಗಂಗೆ ಹಿಡಿದ ಜಾಗ. ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ನಾನು ಹಿಡಿದು ಎಳೆದವರಲ್ಲಿ ಯಾರು ಯಾರು ಮನೆಗೆ ಹೋಗಿ ಎಣ್ಣೆ ಹಚ್ಚಿಕೊಂಡರೋ. ಹಲವರು ಮನೆಗೆ ಹೋಗಲೇ ಇಲ್ಲ. ಲಕ್ವ ಹೊಡೆದವರಿಗೆ ಬೈಯಲೂ ಬರುವುದಿಲ್ಲ. ಅವರು ಬೈಯದೇ ಇದ್ದುದರಿಂದ ನಾನು ನನ್ನ ಕೆಲಸ ಒಳ್ಳೆಯದು ಎಂದು ತಿಳಿದಿದ್ದೆ. ಅನ್ನ ಮಾಡಿದೆ, ಉಂಡೆ. ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಉಣ್ಣುವಾಗ ಬಾಗಿಲು ಹಾಕಿಕೊಂಡೆ, ಯಾರೂ ನೋಡುವವರಿಲ್ಲದಿದ್ದರೂ.

ದೊಡ್ಡ ಸಿಸ್ಟರ್ ಆ ಮಧ್ಯಾಹ್ನದ ಮಾತನ್ನು ಆಮೇಲೆ ಒಮ್ಮೆಯೂ ಎತ್ತಲಿಲ್ಲ. ಆ ಆಸ್ಪತ್ರೆ ಬಿಟ್ಟು ಯಲ್ಲಾಪುರಕ್ಕೆ ಹೋಗುವವರೆಗೂ ಎತ್ತಲಿಲ್ಲ. ನಾನು ಎಷ್ಟೋ ಸಲ ಅವರಿಗೆ ಎದುರಾಡಿದ್ದೇನೆ, ಆಗಲೂ ಅವರು ಅದನ್ನು ಹೊರಗೆ ತೆಗೆಯಲಿಲ್ಲ. ಗಂಗೆಗೆ ಅವತ್ತು ಗೊತ್ತಾಗಿತ್ತೋ ಇಲ್ಲವೋ ನಾನು ಕೇಳಿಲ್ಲ. ಹೋದ ತಿಂಗಳು ಫೋನಿನಲ್ಲಿ "ನಿನ್ನ ಮಲಗ್ಸಿದ್ದು ನೆನಪುಂಟಾ ಅಕ್ಕಾ" ಎಂದು ಶುರು ಮಾಡಿದಳು. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಹಾಲು ಇರಲಿಲ್ಲ.

ನನ್ನನ್ನು ಮಲಗಿಸಿದ ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ದಾಟಿ, ಕೆಳಗಿನ ವಾರ್ಡಿನ ಎದುರು ಸ್ವಲ್ಪ ನಿಂತು, ಮೆಟ್ಟಿಲು ಹತ್ತಿದೆ. ಸುಮಾ ಮೊದಲೇ ಬಂದಿದ್ದಳು. "ಎಲ್ಲಿಂದ ಶುರು ಮಾಡ್ಲಿ?" ಎಂದು ಅವಳನ್ನು ಕೇಳಿದೆ. ಅವಳಿಗೆ ನನಗಿಂತ ಹೆಚ್ಚು ನಾಚಿಕೆಯಾಯಿತು. ಕಿಟಕಿ ಕಡೆಯ ಮಂಚ ತೋರಿಸಿದಳು. ಅಲ್ಲಿ ಸೊಂಟ ಮುರಿದ ಒಬ್ಬರು ಹವ್ಯಕರ ಅಜ್ಜಿ ಮಲಗಿದ್ದರು. ನಾನು ಅವರ ಕಣ್ಣಿಗೆ ಬೀಳುವ ಕಡೆ ಹೋಗಿ ನಿಂತೆ.

"ಅಮ್ಮಾ, ಚಾದರ ಬದಲಿ ಮಾಡ್ಬೇಕು. ತಿರುಗ್ಸಲಾ?"

"ತಡಿಯೇ ಮಾರಾಯ್ತಿ" ಎಂದರು ಅವರು. "ಈಗ ಬ್ಯಾಡ. ಆನು ಹೇಳ್ತೆ."

ನನ್ನ ಕೈ ಆಗಲೇ ಅವರ ರಟ್ಟೆಯ ಮೇಲೆ ಇತ್ತು. ತೆಗೆದೆ. ಅಜ್ಜಿ ಕಣ್ಣು ಮುಚ್ಚಿಕೊಂಡರು. ಉಳಿದ ಮೂರು ಮಂಚ ಹಾಗೇ ಇತ್ತು, ಡಾಕ್ಟರು ರೌಂಡಿಗೆ ಬರುವ ಹೊತ್ತಾಗಿತ್ತು. ನಾನು ಚಾದರ ಹಿಡಿದುಕೊಂಡು ಅಲ್ಲೇ ನಿಂತೆ.